ಬ್ಯಾಂಡಿನ ಊದುವಾದ್ಯಗಳಿಗೆ ಹಾಡು ಹೊಂದಿಸುವುದು: ಪ್ರಶ್ನೋತ್ತರ

ಪ್ರಶ್ನೆ (ಜಮಖಂಡಿಯಿಂದ, ಮದುವೆ ಬ್ಯಾಂಡ್ ನಡೆಸುವವರು):

ಮಾಸ್ತರರಿಗೆ ನಮಸ್ಕಾರ. ನಮ್ಮಲ್ಲಿ ಎರಡು ಟ್ರಂಪೆಟ್, ಒಂದು ಆಲ್ಟೊ ಸ್ಯಾಕ್ಸೋಫೋನ್ ಮತ್ತು ಒಂದು ಟ್ರಾಂಬೋನ್ ಇವೆ. ಇಷ್ಟು ವರ್ಷ ಮೆರವಣಿಗೆಯಲ್ಲಿ ನಾಲ್ವರೂ ಹಾಡಿನ ಧಾಟಿಯನ್ನೇ ಊದಿಕೊಂಡು ಬಂದೆವು. ಈಗ ಆರತಕ್ಷತೆಯ ವೇದಿಕೆಯಲ್ಲಿ ಗಾಯಕರು, ಕೀಬೋರ್ಡ್ ಮತ್ತು ಡ್ರಮ್ಸ್ ಜೊತೆಗೆ ನುಡಿಸುವ ಕರೆಗಳು ಬರುತ್ತಿವೆ. ಅಲ್ಲಿ ನಾವು ಊದಲು ತೊಡಗಿದ ಕೂಡಲೇ ಗಾಯಕರ ದನಿ ಮುಳುಗಿಹೋಗುತ್ತದೆ. ಅವರು ಹೆಚ್ಚಿನ ಹಾಡುಗಳನ್ನು ಬಿಳಿ ಮೂರರಲ್ಲಿ, ಅಂದರೆ ಹಾರ್ಮೋನಿಯಂನ ಮೂರನೆಯ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತಾರೆ. ಆ ಪಟ್ಟಿಯಲ್ಲಿ ಸ್ಯಾಕ್ಸೋಫೋನಿನವರ ಬೆರಳು ಓಡುವುದಿಲ್ಲ. ನಾಲ್ಕು ವಾದ್ಯಗಳಿಗೆ ಹಾಡನ್ನು ಹೇಗೆ ಹಂಚಬೇಕು ಎಂದು ದಯವಿಟ್ಟು ತಿಳಿಸಿರಿ.

ಉತ್ತರ (ಬೆಳಗಾವಿಯಿಂದ, ಸೈನ್ಯದ ಬ್ಯಾಂಡಿನಲ್ಲಿ ಅರೇಂಜರ್ ಆಗಿದ್ದವರು):

ನಮಸ್ಕಾರ. ಎರಡನೆಯ ತೊಂದರೆಯನ್ನು ಮೊದಲು ಬಿಡಿಸುತ್ತೇನೆ, ಏಕೆಂದರೆ ಅದು ಬಗೆಹರಿಯದೆ, ಉಳಿದದ್ದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ, ಬೆರಳನ್ನು ಬಿಳಿ ಒಂದರಲ್ಲೇ ಇಟ್ಟುಕೊಂಡು ಯಾವ ಪಟ್ಟಿಯಲ್ಲಾದರೂ ನುಡಿಸಿಬಿಡುತ್ತಾರೆ. ಊದುವವರಿಗೆ ಅಂಥ ಗುಂಡಿ ಇಲ್ಲ. ಟ್ರಂಪೆಟ್ ಬಿ ಫ್ಲ್ಯಾಟ್ (ಬಿ ಸ್ವರಕ್ಕಿಂತ ಅರ್ಧ ಮನೆ ಕೆಳಗಿನದು) ವಾದ್ಯವಾದ್ದರಿಂದ ಕಾಗದದ ಮೇಲೆ ಸಿ ಎಂದು ಬರೆದರೆ ಕಿವಿಗೆ ಬಿ ಫ್ಲ್ಯಾಟ್ ಕೇಳುತ್ತದೆ, ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಅದೇ ಸಿ, ಇ ಫ್ಲ್ಯಾಟ್ ಆಗಿ ಹೊರಡುತ್ತದೆ, ಟ್ರಾಂಬೋನಿಗೆ ಮಾತ್ರ ಬರೆದದ್ದೂ ಕೇಳುವುದೂ ಒಂದೇ. ಹಾಡಿನ ಷಡ್ಜ ಬಿಳಿ ಮೂರು, ಅಂದರೆ ಇ ಆಗಿದ್ದರೆ ಟ್ರಂಪೆಟ್‌ನವರು ಎಫ್ ಶಾರ್ಪ್‌ನಲ್ಲಿ 6 ಶಾರ್ಪ್ (ಅರ್ಧ ಮನೆ ಏರಿಸಿದ ಸ್ವರ) ಇಟ್ಟುಕೊಂಡು ಓದಬೇಕು, ಆಲ್ಟೊ ಸ್ಯಾಕ್ಸೋಫೋನಿನವರು ಸಿ ಶಾರ್ಪ್‌ನಲ್ಲಿ 7 ಶಾರ್ಪ್ ಎದುರಿಸಬೇಕು. ಅವರ ಬೆರಳು ಓಡದಿರುವುದು ಅವರ ತಪ್ಪಲ್ಲ.

ಷಡ್ಜವನ್ನು ಅರ್ಧ ಮನೆ ಕೆಳಗಿಳಿಸಿ ಕಪ್ಪು ಎರಡಕ್ಕೆ ತರಲು ಗಾಯಕರನ್ನು ಒಪ್ಪಿಸಿರಿ. ಆಗ ಟ್ರಂಪೆಟ್‌ಗೆ ಒಂದೇ ಫ್ಲ್ಯಾಟ್ ಇರುವ ಎಫ್ ಸಿಗುತ್ತದೆ, ಆಲ್ಟೊಗೆ ಏನೂ ಇಲ್ಲದ ಶುದ್ಧ ಸಿ ಸಿಗುತ್ತದೆ, ಟ್ರಾಂಬೋನಿಗೆ 3 ಫ್ಲ್ಯಾಟ್ ಉಳಿದರೂ ಅದು ಆ ವಾದ್ಯದ ತವರುಮನೆಯಂಥ ಪಟ್ಟಿ. ಅರ್ಧ ಮನೆಯ ವ್ಯತ್ಯಾಸ ಹೆಚ್ಚಿನ ಗಾಯಕರ ಗಂಟಲಿಗೆ ಭಾರವಾಗುವುದಿಲ್ಲ. ಮರ್ಯಾದೆಗೆ ಭಾರವಾಗಬಹುದು, ಆದ್ದರಿಂದ ಕೇಳುವಾಗ ಚಹಾ ಕೊಟ್ಟು ಕೇಳಿರಿ.

ಇನ್ನು ದನಿ ಮುಳುಗುವ ವಿಷಯ. ಗಾಯಕರು ಸಾಲು ಹಾಡುತ್ತಿರುವಾಗ ಅದೇ ಸಾಲನ್ನು ಟ್ರಂಪೆಟ್ ಊದಿದರೆ ಧ್ವನಿವರ್ಧಕವೂ ಅವರನ್ನು ಕಾಪಾಡಲಾರದು. ಆದ್ದರಿಂದ ನಾನು ಹಾಡನ್ನು ಕೈಗೆತ್ತಿಕೊಂಡಾಗ ಸ್ವರಕ್ಕಿಂತ ಮೊದಲು ಸಾಹಿತ್ಯವನ್ನು ಬರೆದುಕೊಂಡು, ಎಲ್ಲೆಲ್ಲಿ ಗಾಯಕರು ಉಸಿರೆಳೆಯುತ್ತಾರೋ ಅಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗೆರೆ ಹಾಕುತ್ತೇನೆ. ನಿಮ್ಮ ನಾಲ್ವರಿಗೆ ಇರುವ ಜಾಗ ಆ ಗೆರೆಗಳಲ್ಲಿ ಮತ್ತು ಪಲ್ಲವಿ-ಚರಣಗಳ ನಡುವಿನ ಬಿಟ್‌ಗಳಲ್ಲಿ, ಅಂದರೆ ವಾದ್ಯಗಳಷ್ಟೇ ನುಡಿಯುವ ತುಣುಕುಗಳಲ್ಲಿ. ಪಲ್ಲವಿ ಮೊದಲ ಸಲ ಬಂದಾಗ ನಾಲ್ವರೂ ಸುಮ್ಮನಿರಲಿ. ಮೊದಲ ಚರಣದಲ್ಲಿ ಸ್ಯಾಕ್ಸೋಫೋನ್ ಮತ್ತು ಟ್ರಾಂಬೋನ್ ಮಾತ್ರ ಮೆಲ್ಲಗೆ ನೀಳ ಸ್ವರಗಳನ್ನು ಹಿಡಿಯಲಿ. ಟ್ರಂಪೆಟ್‌ಗಳನ್ನು ಕೊನೆಯ ಪಲ್ಲವಿಗೆ ಕೂಡಿಟ್ಟುಕೊಂಡರೆ ಆಗ ಬರುವ ಹೊಳಪೇ ಬೇರೆ.

ಬಿಟ್‌ಗಳಲ್ಲಿ ನಾಲ್ವರೂ ಒಂದೇ ಧಾಟಿ ಊದುವುದು ಕೀಳು ಎಂದು ತಿಳಿಯಬೇಡಿ. ವೇಗದ ತಾನಿನಂಥ ಓಟವನ್ನು ಎರಡು ಸಪ್ತಕಗಳಲ್ಲಿ ಒಟ್ಟಿಗೆ ಊದಿದರೆ ಸಿಗುವ ಕಸುವು ಹಂಚಿ ಬರೆದರೆ ಸಿಗುವುದಿಲ್ಲ. ಹಂಚಬೇಕಾದದ್ದು ನಿಂತು ಉಬ್ಬುವ ಸ್ವರಗಳನ್ನು. ಷಡ್ಜದ ಮೇಳಕ್ಕೆ (ಒಟ್ಟಿಗೆ ನುಡಿಯುವ ಸ ಗ ಪ ಸ್ವರಗಳಿಗೆ) ಮೊದಲ ಟ್ರಂಪೆಟ್ ಮಧ್ಯ ಸಪ್ತಕದ ಪಂಚಮ, ಎರಡನೆಯದು ಗಾಂಧಾರ, ಸ್ಯಾಕ್ಸೋಫೋನ್ ಷಡ್ಜ, ಟ್ರಾಂಬೋನ್ ಮಂದ್ರದ ಪಂಚಮ ಹಿಡಿಯಲಿ. ಬೇಸ್ ಗಿಟಾರ್ ಇಲ್ಲದಿದ್ದರೆ ಟ್ರಾಂಬೋನ್ ಮಂದ್ರ ಷಡ್ಜಕ್ಕೆ ಇಳಿಯಲಿ. ಮೇಲಿನ ಮೂವರು ಒತ್ತಾಗಿಯೂ ಕೆಳಗಿನವನು ದೂರವಾಗಿಯೂ ಇರಬೇಕು, ಏಕೆಂದರೆ ಕೆಳಗಿನ ಸ್ಥಾಯಿಯಲ್ಲಿ ಹತ್ತಿರದ ಸ್ವರಗಳನ್ನು ಜೋಡಿಸಿದರೆ ಎಲ್ಲವೂ ಕಲಸುಮೇಲೋಗರವಾಗುತ್ತದೆ. ಕಪ್ಪು ಎರಡರ ಪಟ್ಟಿಯಲ್ಲಿ ತಾರ ಪಂಚಮವೆಂದರೆ ಟ್ರಂಪೆಟ್‌ನವರ ಹೈ ಸಿ. ರಾತ್ರಿಯಿಡೀ ಊದಿದ ತುಟಿಗೆ ಅದು ನಿಲುಕುವುದಿಲ್ಲವಾದ್ದರಿಂದ ತಾರ ಗಾಂಧಾರ ದಾಟಿ ಬರೆಯದಿರುವುದು ಲೇಸು.

ಕೊನೆಗೆ, ಸ್ವರ ಎಲ್ಲಿ ನಿಲ್ಲಬೇಕು ಎಂಬುದನ್ನೂ ಬರೆಯಿರಿ. ಎಲ್ಲಿ ಹಿಡಿಯಬೇಕೆಂದು ಎಲ್ಲರೂ ಬರೆಯುತ್ತಾರೆ, ಎಲ್ಲಿ ಬಿಡಬೇಕೆಂದು ಬರೆಯುವವರು ಕಡಿಮೆ. ಮೂರು ಮಾತ್ರೆ ಹಿಡಿದು ನಾಲ್ಕನೆಯದರ ಮೇಲೆ ನಾಲ್ವರೂ ಒಟ್ಟಿಗೆ ಬಿಟ್ಟರೆ, ಅರ್ಧ ತಾಲೀಮು ಮುಗಿದಂತೆ.

ಮರುಪ್ರಶ್ನೆ (ಜಮಖಂಡಿಯಿಂದ):

ಗಾಯಕರು ಒಪ್ಪಿದ್ದಾರೆ, ಮಾಸ್ತರರೇ. ಆದರೆ ಟ್ರಾಂಬೋನಿನಲ್ಲಿ ಮೀಂಡ್ ತೆಗೆಯಬಹುದೆಂದು ಮಂದ್ರ ಪಂಚಮದಿಂದ ಮಂದ್ರ ಷಡ್ಜಕ್ಕೆ ಜಾರುವಂತೆ ಬರೆದಿದ್ದೆ. ನಮ್ಮ ಹುಡುಗ ಅದು ನಡುವೆ ಮುರಿಯುತ್ತದೆ ಎನ್ನುತ್ತಾನೆ. ಅಭ್ಯಾಸ ಸಾಲದೇ?

ಉತ್ತರ:

ಹುಡುಗನ ಮಾತು ಸರಿ. ಟ್ರಾಂಬೋನಿನ ಸ್ಲೈಡಿಗೆ (ಒಳಹೊರಗೆ ಎಳೆಯುವ ಕೊಳವೆಗೆ) 7 ಸ್ಥಾನಗಳಿವೆ, ಅಂದರೆ ಒಂದೇ ಎಳೆತದಲ್ಲಿ 6 ಅರ್ಧ ಮನೆಗಳಷ್ಟೇ ಜಾರಬಹುದು. ಪಂಚಮದಿಂದ ಷಡ್ಜಕ್ಕೆ 7 ಅರ್ಧ ಮನೆಗಳಾಗುತ್ತವೆ. ನಿಮ್ಮ ಪಟ್ಟಿಯಲ್ಲಿ ಆ ಪಂಚಮ ಸ್ಲೈಡ್ ಪೂರ್ತಿ ಒಳಗಿರುವ ಮೊದಲ ಸ್ಥಾನದಲ್ಲಿದೆ. ಅಲ್ಲಿಂದ ಗಾಂಧಾರಕ್ಕೆ ನಾಲ್ಕನೆಯ ಸ್ಥಾನದವರೆಗೆ, ರಿಷಭಕ್ಕೆ ಆರನೆಯ ಸ್ಥಾನದವರೆಗೆ ಸಲೀಸಾಗಿ ಜಾರಬಹುದು. ಆದ್ದರಿಂದ ಪಂಚಮದಿಂದ ರಿಷಭಕ್ಕೆ ಮೀಂಡ್ ಬರೆದು, ಷಡ್ಜವನ್ನು ಬಿಡಿಯಾಗಿ ಊದಲು ಹೇಳಿರಿ. ಇಂಥ ಒಂದೆರಡು ಜಾಗ ಇಡೀ ಹಾಡಿಗೆ ಸಾಕು. ಹೆಚ್ಚಾದರೆ ಸರ್ಕಸ್ಸಿನ ಬ್ಯಾಂಡ್ ನೆನಪಾಗುತ್ತದೆ.

ಪ್ರಶ್ನೆ (ಇಳಕಲ್ಲಿನಿಂದ):

ನಾವು ಬಸವ ಜಯಂತಿಗೆ ಭೂಪ ರಾಗದಲ್ಲಿ ಒಂದು ವಚನವನ್ನು ಹೊಂದಿಸುತ್ತಿದ್ದೇವೆ. ಎರಡನೆಯ ಟ್ರಂಪೆಟ್‌ಗೆ ಪಾಶ್ಚಾತ್ಯ ಪದ್ಧತಿಯಂತೆ ಮೂರನೆಯ ಸ್ವರವನ್ನು ಕೆಳಗೆ ಬರೆದೆವು. ರಾಗ ಕೆಟ್ಟಿತೆಂದು ನಮ್ಮ ಹಾರ್ಮೋನಿಯಂ ಗುರುಗಳು ಬೇಸರಪಟ್ಟುಕೊಂಡರು. ಜೊತೆಸ್ವರವನ್ನು ಬಿಟ್ಟೇಬಿಡಬೇಕೇ?

ಉತ್ತರ:

ಗುರುಗಳು ಬೇಸರಪಟ್ಟುಕೊಂಡದ್ದು ನ್ಯಾಯವೇ. ಭೂಪದಲ್ಲಿ ಸಾ ರಿ ಗ ಪ ಧ ಎಂಬ ಐದೇ ಸ್ವರಗಳಿವೆ. ರಿಷಭದ ಕೆಳಗೆ ನೀವು ಬರೆದದ್ದು ನಿಷಾದ, ಅದು ಆ ರಾಗದ ಮನೆಯಲ್ಲೇ ಇಲ್ಲ. ಏಳು ಸ್ವರಗಳ ಏಣಿಯಲ್ಲಿ ಎಣಿಸುವ ಬದಲು ರಾಗದ ಐದು ಮೆಟ್ಟಿಲುಗಳಲ್ಲೇ ಒಂದನ್ನು ಬಿಟ್ಟು ಕೆಳಗಿನದನ್ನು ಹಿಡಿಯಿರಿ. ಆಗ ಷಡ್ಜಕ್ಕೆ ಕೆಳಗಿನ ಪಂಚಮ, ರಿಷಭಕ್ಕೆ ಕೆಳಗಿನ ಧೈವತ, ಗಾಂಧಾರಕ್ಕೆ ಷಡ್ಜ, ಪಂಚಮಕ್ಕೆ ರಿಷಭ, ಧೈವತಕ್ಕೆ ಗಾಂಧಾರ ಜೊತೆಯಾಗುತ್ತದೆ. ಗಾಂಧಾರ-ಷಡ್ಜದ ಜೋಡಿಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಷಡ್ಜ-ಮಧ್ಯಮದ ಅಂತರದವು, ಆದ್ದರಿಂದ ಮಾಧುರ್ಯಕ್ಕಿಂತ ಗಾಂಭೀರ್ಯ ಹೆಚ್ಚಾಗಿ ಕೇಳುತ್ತದೆ. ವಚನಕ್ಕೆ ಅದು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ. ಆದರೂ ವಚನದ ಮೊದಲ ಸಾಲನ್ನು ಜೊತೆಸ್ವರವಿಲ್ಲದೆ ಒಬ್ಬನೇ ಊದಲಿ, ಹಿಂದೆ ತಾನಪುರ ಮಾತ್ರ ಇರಲಿ. ಕೇಳುವವರಿಗೆ ಮಾತು ನೆನಪಾಗಲು ಅಷ್ಟು ಬಿಡುವು ಬೇಕು.

ಪ್ರಶ್ನೆ (ವಿಜಯಪುರದಿಂದ):

ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಯ ಬೆಳಗ್ಗೆ ಕೀಬೋರ್ಡಿಗೆ ಸರಿಯಾಗಿ ಹೊಂದುವ ನಮ್ಮ ಟ್ರಂಪೆಟ್‌ಗಳು ಏಪ್ರಿಲ್ ಮದುವೆಗಳಲ್ಲಿ ಶ್ರುತಿಯಲ್ಲಿ ಮೇಲೇರಿ ಕೂಡುತ್ತವೆ. ವಾದ್ಯ ಕೆಟ್ಟಿದೆಯೇ?

ಉತ್ತರ:

ವಾದ್ಯ ಕೆಟ್ಟಿಲ್ಲ, ಬಿಸಿಲು ಏರಿದೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದದ ವೇಗ ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ, ಕೊಳವೆಯ ಉದ್ದ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಊದುವಾದ್ಯಗಳ ಶ್ರುತಿ ಮೇಲೇರುತ್ತದೆ, ಕೀಬೋರ್ಡ್ ಇದ್ದಲ್ಲೇ ಇರುತ್ತದೆ. ಹತ್ತು ನಿಮಿಷ ಊದಿ ಬೆಚ್ಚಗಾದ ಮೇಲೆ ಟ್ರಂಪೆಟ್‌ನ ಟ್ಯೂನಿಂಗ್ ಸ್ಲೈಡನ್ನು ಸ್ವಲ್ಪ ಹೊರಗೆಳೆಯಿರಿ, ಸ್ಯಾಕ್ಸೋಫೋನಿನವರು ಮೌತ್‌ಪೀಸನ್ನು ಕಾರ್ಕಿನ ಮೇಲೆ ಹೊರಕ್ಕೆ ಸರಿಸಲಿ. ತಣ್ಣಗಿರುವಾಗ ಶ್ರುತಿ ಮಾಡಿ ಪೆಟ್ಟಿಗೆಗೆ ಹಾಕುವ ರೂಢಿಯನ್ನು ಬಿಡಿರಿ.

ಮರುಪ್ರಶ್ನೆ (ಜಮಖಂಡಿಯಿಂದ):

ಕೊನೆಯದಾಗಿ ಒಂದು. ನಮ್ಮ ಎರಡನೆಯ ಟ್ರಂಪೆಟ್‌ನವರಿಗೆ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಲು ಬರುವುದಿಲ್ಲ, ಸರಿಗಮ ಮಾತ್ರ ಬರುತ್ತದೆ.

ಉತ್ತರ:

ಸರಿಗಮದಲ್ಲೇ ಬರೆದುಕೊಡಿರಿ. ಷಡ್ಜ ಯಾವ ಬೆರಳಿನಲ್ಲಿ ಬೀಳುತ್ತದೆ ಎಂದು ಹಾಳೆಯ ತಲೆಯ ಮೇಲೆ ಬರೆದರೆ ಸಾಕು. ನಿಮ್ಮ ಈಗಿನ ಪಟ್ಟಿಯಲ್ಲಿ ಅದು ಮೊದಲ ವಾಲ್ವ್ ಒಂದನ್ನೇ ಒತ್ತಿದಾಗ ಬರುವ ಎಫ್. ಸುಮ್ಮನಿರಬೇಕಾದ ಮಾತ್ರೆಗಳನ್ನು ಮಾತ್ರ ಖಾಲಿ ಬಿಡದೆ ಅಂಕಿಯಲ್ಲಿ ಬರೆಯಿರಿ, ಖಾಲಿ ಜಾಗ ಕಂಡರೆ ಊದುವವರ ಕೈ ಸುಮ್ಮನಿರುವುದಿಲ್ಲ.