ಪದಚರ್ಚೆ: ‘ಮಿಸ್ಟರಿ ಪ್ಲೇ’ ಅಂದರೆ ‘ರಹಸ್ಯ ನಾಟಕ’ವೇ?

ಪ್ರಶ್ನೆ:
ಮಧ್ಯಯುಗದ ಯುರೋಪಿನ ರಂಗಭೂಮಿ ಕುರಿತ ಬರಹದ ಅನುವಾದಕ್ಕೆ ಪದ ಬೇಕಾಗಿದೆ. ‘ಮಿರಾಕಲ್ ಪ್ಲೇ’ಗೆ ಪವಾಡ ನಾಟಕ, ‘ಮೊರಾಲಿಟಿ’ಗೆ ನೀತಿ ನಾಟಕ ನಡೆಯುತ್ತದೆ. ತೊಡಕಿರುವುದು ‘ಮಿಸ್ಟರಿ ಪ್ಲೇ’ ಮತ್ತು ‘ಪೇಜೆಂಟ್’ಗಳಲ್ಲಿ. ‘ರಹಸ್ಯ ನಾಟಕ’ ಎಂದು ಬರೆದರೆ ಪತ್ತೇದಾರಿ ವಾಸನೆ ಹೊಡೆಯುತ್ತದೆ. ಬಲ್ಲವರು ತಿಳಿಸಿ.

ಉತ್ತರ:
‘ರಹಸ್ಯ’ ಬೇಡವೇ ಬೇಡ. ಇಡೀ ಊರಿಗೆ ಗೊತ್ತಿದ್ದ ಬೈಬಲ್ ಕಥೆಯನ್ನು ಹಾಡಹಗಲೇ ನಡುಬೀದಿಯಲ್ಲಿ ಆಡುತ್ತಿದ್ದರು. ಅದರಲ್ಲಿ ಮುಚ್ಚಿಡುವುದೇನು ಬಂತು? ಇಂಗ್ಲಿಷಿನಲ್ಲೂ ‘ಮಿಸ್ಟರಿ’ ಎಂಬುದು ಆಡುತ್ತಿದ್ದವರು ಇಟ್ಟ ಹೆಸರಲ್ಲ. 18ನೇ ಶತಮಾನದಲ್ಲಿ ಫ್ರೆಂಚಿನ ‘ಮಿಸ್ತೇರ್’ ನೋಡಿ ತಂದುಕೊಂಡದ್ದು. ಲ್ಯಾಟಿನ್ನಿನಲ್ಲಿ ‘ಮಿನಿಸ್ಟೇರಿಯಮ್’ (ಸೇವೆ, ಕಸುಬು) ಮತ್ತು ‘ಮಿಸ್ಟೇರಿಯಮ್’ (ಗೂಢ) ಒಂದರಲ್ಲೊಂದು ಬೆರೆತವು. ಇಂಗ್ಲಿಷಿನಲ್ಲಿ ‘ಮಿಸ್ಟರಿ’ಗೆ ಕಸುಬು ಎಂಬ ಅರ್ಥವೂ ಬಂದದ್ದು ಹಾಗೆ. ಕಸುಬುದಾರರ ಸಂಘಗಳು ಆಡಿಸಿದ್ದರಿಂದಲೇ ಈ ಹೆಸರು ಎಂಬ ವಿವರಣೆ ಕೇಳಲು ಚೆನ್ನ. ಆದರೆ ಪ್ಯಾರಿಸ್ಸಿನಲ್ಲಿ ಇಂಥ ಆಟಕ್ಕೆ 1402ರಲ್ಲಿ ದೊರೆ ಆರನೇ ಶಾರ್ಲ್‌ನಿಂದ ಅಪ್ಪಣೆ ಪಡೆದದ್ದು ಒಂದು ಭಕ್ತಮಂಡಳಿ, ಕಸುಬಿನ ಸಂಘವಲ್ಲ. ಹಾಗಾಗಿ ಆ ವಿವರಣೆಯ ಮೇಲೆ ಕನ್ನಡ ಪದ ಕಟ್ಟಬೇಡಿ.

‘ನಾಟಕ’ದ ಬದಲು ‘ಆಟ’ ಬಳಸಿ ನೋಡಿ. ಲ್ಯಾಟಿನ್ನಿನ ‘ಲೂಡುಸ್’, ಇಂಗ್ಲಿಷಿನ ‘ಪ್ಲೇ’, ಜರ್ಮನ್ನಿನ ‘ಶ್ಪೀಲ್’ ಮೂರರ ಮೂಲಾರ್ಥವೂ ಅದೇ. ಕರಾವಳಿಯಲ್ಲಿ ‘ರಾತ್ರಿ ಆಟ ಉಂಟು’ ಎಂದರೆ ಯಾರೂ ಕ್ರಿಕೆಟ್ ಎಂದುಕೊಳ್ಳುವುದಿಲ್ಲ. ‘ಬೈಬಲ್ ಆಟ’ ಸಾಕು.

‘ಪೇಜೆಂಟ್’ ಇನ್ನೂ ಜಟಿಲ. ಇಂಗ್ಲೆಂಡಿನ ಯಾರ್ಕ್ ಊರಿನ ಲ್ಯಾಟಿನ್ ದಾಖಲೆಗಳಲ್ಲಿ ಅದು ‘ಪಾಜಿನಾ’. ಆಟಕ್ಕೂ ಅದೇ ಪದ, ಆಟ ನಡೆಯುವ ಗಾಲಿಗಳ ರಂಗಕ್ಕೂ ಅದೇ ಪದ. ಕಾರ್ಪಸ್ ಕ್ರಿಸ್ಟಿ (‘ಕ್ರಿಸ್ತನ ದೇಹ’) ಹಬ್ಬದ ದಿನ ಅಲ್ಲಿ ಸುಮಾರು 48 ಆಟ. ನೋಹನ ಹಡಗು ಕಟ್ಟುವ ಆಟ ಹಡಗು ಬಡಗಿಗಳದು, ಯೇಸುವಿನ ಕಡೆಯ ಊಟದ್ದು ರೊಟ್ಟಿ ಸುಡುವವರದು, ಶಿಲುಬೆಗೇರಿಸುವುದು ಮೊಳೆ-ಸೂಜಿ ಮಾಡುವವರದು (ಹಂಚಿದವರ ತುಂಟತನ ಮೆಚ್ಚಬೇಕು). ನಸುಕಿನ ನಾಲ್ಕೂವರೆಗೆ ಸಜ್ಜಾಗಿರಬೇಕು. ಬಂಡಿ ಹನ್ನೆರಡರಷ್ಟು ಕಟ್ಟೆಗಳಲ್ಲಿ ನಿಂತು, ಪ್ರತಿ ಸಲವೂ ಆಟವನ್ನು ಮೊದಲಿನಿಂದ ಆಡಿ ಮುಂದೆ ಹೋಗಬೇಕು. ಒಂದು ಬಂಡಿ ನಿಧಾನಿಸಿದರೆ ಹಿಂದಿನವೆಲ್ಲ ಸಾಲಾಗಿ ನಿಲ್ಲುತ್ತವೆ. 1554ರಲ್ಲಿ ನಡುಪಟ್ಟಿ ಮಾಡುವವರು ಗಂಟೆಗೂ ಮಿಕ್ಕಿ ತಡಮಾಡಿ ದಂಡ ತೆತ್ತರು. ಊರವರು ಎಳೆದು ನಿಲ್ಲಿಸಿ ನಡೆಸುವ ಈ ಏರ್ಪಾಟಿಗೆ ‘ತೇರಾಟ’ ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ಮರು ಉತ್ತರ:
‘ಆಟ’ಕ್ಕೆ ಪೂರ್ತಿ ಒಪ್ಪಿಗೆ, ‘ತೇರಾಟ’ಕ್ಕೆ ತಕರಾರಿದೆ. ತೇರಿನಲ್ಲಿ ಕೂರುವುದು ದೇವರು. ಯಾರ್ಕ್‌ನಲ್ಲಿ ಹಾಗೆ ದೇವರು ಬೀದಿಗೆ ಬರುತ್ತಿದ್ದದ್ದು ಬೇರೆಯದೇ ಉತ್ಸವದಲ್ಲಿ: ಪಾದ್ರಿಗಳು ಕ್ರಿಸ್ತನ ದೇಹವೆಂದೇ ನಂಬುವ ಪವಿತ್ರ ರೊಟ್ಟಿಯನ್ನು ಹೊತ್ತು ನಡೆಯುವ ಮೆರವಣಿಗೆ. ಆಟವೂ ಮೆರವಣಿಗೆಯೂ ಒಂದೇ ದಿನ ಬಿದ್ದು ತಿಕ್ಕಾಟವಾಗಿ, ಕೊನೆಗೆ ಮೆರವಣಿಗೆಯನ್ನೇ ಮರುದಿನಕ್ಕೆ ಹಾಕಿದರು. ಆಟಕ್ಕೆ ‘ತೇರು’ ಎಂದುಬಿಟ್ಟರೆ ಮೆರವಣಿಗೆಗೆ ಪದವೇ ಉಳಿಯುವುದಿಲ್ಲ. ‘ಬಂಡಿಯಾಟ’ ಎನ್ನಿ.

ಆದರೆ ‘ಬಂಡಿಯಾಟ’ವನ್ನೂ ಯುರೋಪಿಗೆಲ್ಲ ಹಚ್ಚಬೇಡಿ. ಈಗ ಫ್ರಾನ್ಸಿನಲ್ಲಿರುವ ವಾಲೆನ್ಸಿಯೆನ್‌ನಲ್ಲಿ 1547ರಲ್ಲಿ ನಡೆದ ಆಟದ ಚಿತ್ರಗಳಲ್ಲಿ ಗಾಲಿಯೇ ಇಲ್ಲ. ಸ್ವರ್ಗ ಒಂದು ತುದಿಗೆ, ನರಕದ ಬಾಯಿ ಇನ್ನೊಂದು ತುದಿಗೆ, ನಡುವೆ ಜೆರುಸಲೇಮ್ ಮುಂತಾದ ಮಂಟಪಗಳು ಒಂದೇ ಸಾಲಿನಲ್ಲಿ. ಈ ‘ಮ್ಯಾನ್ಶನ್’ಗೆ ‘ಮಹಲು’ ಎಂದರೆ ತಪ್ಪಾಗುತ್ತದೆ, ‘ಮಂಟಪ’ ಸರಿ. ಮುಂದಿನ ಬಯಲು, ಅಂದರೆ ‘ಪ್ಲಾಟಿಯಾ’, ‘ಅಂಗಳ’ವಾಗಲಿ.

ಇನ್ನು ಪದ ಎಲ್ಲಿ ಕೂತಿದೆ ಎಂದು ನೋಡದೆ ಒಂದೇ ಅರ್ಥ ಹಾಕಿದರೆ ಏನಾಗುತ್ತದೆ ನೋಡಿ. ಯಾರ್ಕ್‌ನ ವರ್ತಕರ ಸಂಘ ಕಡೆಯ ತೀರ್ಪಿನ ಆಟಕ್ಕೆಂದು ಇಟ್ಟಿದ್ದ ಸಾಮಾನುಗಳ 1433ರ ಪಟ್ಟಿ ಸಿಕ್ಕಿದೆ. ಅದರಲ್ಲಿ ನರಕದ ಬಾಯಿ, ಮೂವರು ದೆವ್ವಗಳಿಗೆ ಉಡುಪು, ಮೂರು ಮುಖವಾಡಗಳಲ್ಲಿ ಆರು ದೆವ್ವದ ಮುಖ, ದೇವರು ಕೂತು ಸ್ವರ್ಗಕ್ಕೇರಲು ಕಬ್ಬಿಣದ ಪೀಠ, ಕೆಂಪು ಬಳಿದ ಒಂಬತ್ತು ಪುಟ್ಟ ದೇವದೂತರು, ಅವರನ್ನು ಆಕಾಶದಲ್ಲಿ ಓಡಾಡಿಸಲು ಉದ್ದನೆಯ ಸಣ್ಣ ಹುರಿ, ಎಲ್ಲ ಇದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ನಾಲ್ಕು ಗಾಲಿಯ ‘ಪೇಜೆಂಟ್’. ಅಲ್ಲಿ ಬರಿಯ ‘ಬಂಡಿ’ ಎಂದೇ ಬರೆಯಬೇಕು. ‘ಬಂಡಿಯಾಟ’ ಹಾಕಿದರೆ ಆಟಕ್ಕೇ ನಾಲ್ಕು ಗಾಲಿ ಬಂದುಬಿಡುತ್ತದೆ.