ದೇವಯ್ಯನವರು ಜೈಲಿನಲ್ಲಿಲ್ಲ

ಗುಂಪು: ತೋಟದ ಮನೆ, ಸಾಗರ

ಅಪ್ಪಚ್ಚಿ: (ಫಾರ್ವರ್ಡ್) ಕೊಡಗಿನ ಪೈಲಟ್ ದೇವಯ್ಯ ಇನ್ನೂ ಪಾಕಿಸ್ತಾನದ ಜೈಲಿನಲ್ಲಿ ಜೀವಂತ!! 1971ರಲ್ಲಿ ಸೆರೆ ಸಿಕ್ಕ ವೀರನನ್ನು ದೇಶವೇ ಮರೆತಿದೆ. 10 ಗುಂಪಿಗೆ ಕಳಿಸಿ.

ತೀರ್ಥಹಳ್ಳಿ ಅತ್ತೆ: ಅಯ್ಯೋ ಪಾಪ. ಕಣ್ಣಲ್ಲಿ ನೀರು ಬಂತು. ನಮ್ಮ ಭಜನೆ ಗುಂಪಿಗೂ ಹಾಕಿದೆ.

ಬೆಂಗಳೂರು ಅಣ್ಣ: ಅಪ್ಪಚ್ಚಿ, ಇದು ಯಾವ ಪೇಪರ್‌ನಲ್ಲಿ ಬಂದಿದೆ?

ಅಪ್ಪಚ್ಚಿ: ನಿನಗೆ ಎಲ್ಲದಕ್ಕೂ ದಾಖಲೆ ಬೇಕು ಮಾಣಿ. ತೋಟ ಪಾಲಾಗುವಾಗಲೂ ಹೀಗೇ ಮಾಡಿದ್ದೆ.

ಬೆಂಗಳೂರು ಅಣ್ಣ: ಪಹಣಿ ಕೇಳಿದ್ದು ತಪ್ಪಾ? ಅದನ್ನ ಇಲ್ಲಿ ಯಾಕೆ ತೆಗೆಯುತ್ತೀರಿ?

ದೊಡ್ಡಪ್ಪ: ಗಡಿಯಲ್ಲಿ ಸೈನಿಕರು ಹಗಲು ರಾತ್ರಿ ನಿಂತಿದ್ದಾರೆ. ನಾವು ಬೆಚ್ಚಗೆ ಕೂತು ಜಗಳ ಆಡುತ್ತೇವೆ. ಹಿರಿಯರ ಹತ್ತಿರ ಮಾತಾಡುವ ರೀತಿ ಇದಲ್ಲ.

ನಾನು: ಅಪ್ಪಚ್ಚಿ, ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 71 ಅಲ್ಲ, 1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಅವರದು ಮಿಸ್ಟೇರ್ ವಿಮಾನ. ಎದುರಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ ವೇಗದ ಪಾಕಿಸ್ತಾನದ ಯುದ್ಧವಿಮಾನ, ಸ್ಟಾರ್‌ಫೈಟರ್. ಅದನ್ನು ಬೀಳಿಸಿಯೇ ಸತ್ತರು.

ಸೊರಬದ ಮಾವ: 65 ಅಂದರೆ ನೆನಪಾಯಿತು. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವರು ನಮ್ಮ ಜಗುಲಿಯಲ್ಲೇ ಇದ್ದರು. ಹೊರಗೆ ಮಳೆ. ಎಲ್ಲರೂ ಅಜ್ಜನ ರೇಡಿಯೋ ಸುತ್ತ ಕೂತು ಯುದ್ಧದ ಸುದ್ದಿ ಕೇಳುವುದು, ಸುಟ್ಟ ಹಲಸಿನ ಹಪ್ಪಳ ತಿನ್ನುವುದು.

ತೀರ್ಥಹಳ್ಳಿ ಅತ್ತೆ: ಆ ರೇಡಿಯೋ ಈಗ ಯಾರ ಮನೆಯಲ್ಲಿದೆ? ನನಗೆ ಕೊಡುತ್ತೇನೆ ಅಂದಿದ್ದರು ಅಪ್ಪ.

ಅಪ್ಪಚ್ಚಿ: ಅಂದರೆ ಯುದ್ಧದಲ್ಲಿ ನಮ್ಮ 54 ಸೈನಿಕರು ನಾಪತ್ತೆ ಅನ್ನುವುದೂ ಸುಳ್ಳಾ?

ನಾನು: ಸುಳ್ಳಲ್ಲ. ಆ ಪಟ್ಟಿಯಲ್ಲಿ ಹೆಚ್ಚಿನವರು 71ರವರು. ಅವರ ಮನೆಯವರಿಗೆ ಉತ್ತರವೇ ಸಿಕ್ಕಿಲ್ಲ. ಅದಕ್ಕೇ ಹೆಸರು ಬೆರೆಸಬಾರದು.

ನಾನು: ದೇವಯ್ಯನವರು ಏನಾದರು ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಲ್ಲಿ ಆ ಕಾದಾಟದ ವಿವರ ಬಂತು. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿದ್ದರು. ತಾಳೆ ಹಾಕಿ ನೋಡಿದಾಗ ಎದುರಿಗಿದ್ದ ಮಿಸ್ಟೇರ್ ದೇವಯ್ಯನವರದ್ದೇ. ಅಲ್ಲಿನ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದ್ದರು. 1988ರಲ್ಲಿ ಮಹಾವೀರ ಚಕ್ರ ಕೊಟ್ಟರು, ಹೆಂಡತಿ ಅದನ್ನು ತೆಗೆದುಕೊಂಡರು. 23 ವರ್ಷ ಆಗಿತ್ತು ಅಪ್ಪಚ್ಚಿ. ಈಗ ‘ಬದುಕಿದ್ದಾರೆ’ ಅಂತ ಓದಿದರೆ ಆ ಮನೆಯವರಿಗೆ ಹೇಗಾಗಬೇಡ?

ಬೆಂಗಳೂರು ಅಣ್ಣ: ನಾನು ಮೊದಲೇ ಕೇಳಲಿಲ್ವಾ?

ದೊಡ್ಡಪ್ಪ: ನೀನು ಕೇಳಿದೆ ಅಷ್ಟೆ. ಹುಡುಕಿ ಹೇಳಿದ್ದು ಕೂಸು.

ಅಪ್ಪಚ್ಚಿ: ನನಗೆ ಕಳಿಸಿದ್ದು ನಿವೃತ್ತ ಮೇಷ್ಟ್ರು. ಅವರು ಸುಳ್ಳು ಹೇಳುವವರಲ್ಲ.

ಬೆಂಗಳೂರು ಅಣ್ಣ: ಅಡಿಕೆ ರೇಟಿನ ಸುದ್ದಿಯೂ ಅವರದ್ದೇ ಅಲ್ವಾ?

ಅಪ್ಪಚ್ಚಿ: ಅದು ಬೇರೆ ವಿಷಯ.

ತೀರ್ಥಹಳ್ಳಿ ಅತ್ತೆ: ನಾನು ಭಜನೆ ಗುಂಪಿಗೆ ಹಾಕಿದ್ದನ್ನ ತೆಗೆಯುವುದು ಹೇಗೆ?

ನಾನು: ಅದರ ಮೇಲೆ ಒತ್ತಿ ಹಿಡಿಯಿರಿ ಅತ್ತೆ, ಡಿಲೀಟ್ ಬರುತ್ತದೆ. ‘ಎಲ್ಲರಿಗೂ’ ಅಂತ ಒತ್ತಿ. ಆಮೇಲೆ ನಾನು ಮೇಲೆ ಬರೆದದ್ದನ್ನು ಅಲ್ಲಿಗೆ ಹಾಕಿ. ಅಪ್ಪಚ್ಚಿ, ನೀವೂ ಮೇಷ್ಟ್ರಿಗೆ ಕಳಿಸುತ್ತೀರಾ?

ಅಪ್ಪಚ್ಚಿ: ಕಳಿಸುತ್ತೇನೆ. ಆ ಪುಸ್ತಕದವರ ಹೆಸರು ಇನ್ನೊಂದು ಸಲ ಹಾಕು.