ಗೋಕರ್ಣದಲ್ಲಿ ಹಳೆಯ ಮನೆ ಕೊಳ್ಳುವ ಮೊದಲು ಏನು ನೋಡಬೇಕು?

ಪ್ರಶ್ನೆ: ಕೋಟಿತೀರ್ಥದ ಬಳಿಯ ಹೆಂಚಿನ ಮನೆಯೊಂದಕ್ಕೆ ದಲ್ಲಾಳಿಗಳು ಹೋಮ್‌ಸ್ಟೇ ಆದಾಯವನ್ನು ಲೆಕ್ಕ ಹಾಕಿ ಬೆಲೆ ಹೇಳುತ್ತಿದ್ದಾರೆ. ನಮಗೆ ಬೇಕಿರುವುದು ನಿವೃತ್ತಿಯ ನಂತರದ ವಾಸಕ್ಕೆ ಮಾತ್ರ. ಮುಂಗಡ ಕೊಡುವ ಮೊದಲು ಏನನ್ನು ಪರಿಶೀಲಿಸಬೇಕು?

ಉತ್ತರ 1: ಬೆಲೆಗಿಂತ ಮೊದಲು ಹಕ್ಕನ್ನು ನೋಡಿರಿ. ಇಂತಹ ಮನೆ ಅವಿಭಕ್ತ ಕುಟುಂಬದ್ದಾಗಿದ್ದರೆ, ಮುಂಬೈಯಲ್ಲಿ ನೆಲೆಸಿದ ದಾಯಾದಿಯೊಬ್ಬರ ಸಹಿ ಬಾಕಿಯಿದ್ದರೂ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಸಮಪಾಲು ಪಡೆದ ಹೆಣ್ಣುಮಕ್ಕಳನ್ನು ಕೈಬಿಟ್ಟಿದ್ದರೂ, ವ್ಯವಹಾರ ಮುಂದೆ ನ್ಯಾಯಾಲಯದ ಮೆಟ್ಟಿಲೇರಬಹುದು. ಆಸ್ತಿಯ ಮೇಲೆ ನೋಂದಾಯಿತ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪತ್ರವನ್ನೂ ಉಪನೋಂದಣಿ ಕಚೇರಿಯಿಂದ ತೆಗೆಸಿರಿ.

ಉತ್ತರ 2: ಕರಾವಳಿ ನಿಯಂತ್ರಣ ವಲಯದ ನಿಯಮಗಳು ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅನ್ವಯಿಸುವುದರಿಂದ, ಮಹಡಿ ಏರಿಸುವ ಆಸೆಯಿದ್ದರೆ ಅನುಮತಿಯ ವಿಚಾರವನ್ನು ಈಗಲೇ ಕೇಳಿಕೊಳ್ಳಿರಿ.

ಉತ್ತರ 3: ಆಷಾಢದ ಮಳೆಯಲ್ಲೊಮ್ಮೆ ಹೋಗಿ ನೋಡಿರಿ, ಬೇಸಿಗೆಯ ಸುಣ್ಣ ಮುಚ್ಚಿಟ್ಟ ಚಿರೆಕಲ್ಲಿನ ತೇವ, ಗೆದ್ದಲು ತಿಂದ ಮಾಡಿನ ಮರದ ಪಕಾಸು ಎಲ್ಲವೂ ಆಗ ಕಾಣುತ್ತವೆ, ಚೌಕಾಸಿಗೂ ಅನುಕೂಲ.